ಬೇಲಕ್ಕನ ಹೊಸ ಚಾಕು

ಬೆಳಗಿನ ಪಾಳಿಯ ಗಂಟೆ ಹೊಡೆಯುವ ಮೊದಲು ಅವಳು ಕಿಟಕಿಯ ಕಡೆಗೆ ತಿರುಗಿ ನಿಲ್ಲುತ್ತಿದ್ದಳು. ನೋಡಿದವರು, ಪಾಪ, ಒಂದಿಷ್ಟು ಗಾಳಿ ಕುಡಿಯುತ್ತಿದ್ದಾಳೆ ಅಂದುಕೊಳ್ಳಬೇಕು, ಹಾಗೆ. ಅಸಲಿಗೆ ಅವಳು ಹಲ್ಲಿನಿಂದ ಚಾಕು ಬಿಚ್ಚುತ್ತಿದ್ದಳು. ಮಡಚುವ ಚಾಕು ಅದು. ಅಲಗಿನ ಪಕ್ಕದಲ್ಲಿ ಉಗುರು ಸಿಕ್ಕಿಸಲು ಸಣ್ಣದೊಂದು ಗೀರು ತೋಡಿದ್ದರು. ಉಗುರು ಹಾಕಿ ಎಳೆಯಬೇಕಾದ ಆ ಗೀರಿಗೆ ಅವಳು ಮುಂದಿನ ಹಲ್ಲು ಹಾಕಿ ಎಳೆಯುತ್ತಿದ್ದಳು. ಚಾಕು ಬಿಚ್ಚಿಕೊಂಡ ಮೇಲೆ ತುಟಿ ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ತನ್ನ ಕುರ್ಚಿಗೆ ಬಂದು ಕೂರುತ್ತಿದ್ದಳು.

ಅದು ಹಳೆಬಟ್ಟೆಯ ಗೋದಾಮು. ಯಾವ ಯಾವ ಮನೆಯಲ್ಲೋ ಉಟ್ಟು ಬಿಟ್ಟ ಬಟ್ಟೆಗಳು ಅಲ್ಲಿಗೆ ಬೇಲುಗಳಾಗಿ ಬರುತ್ತವೆ. ಯಂತ್ರದಲ್ಲಿ ಒತ್ತಿ, ಗೋಣಿ ಹೊದಿಸಿ ಹೊಲಿದು, ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿದ ಬೇಲುಗಳು. ಅವನ್ನು ಬಿಚ್ಚಿ ಬಟ್ಟೆಗಳನ್ನು ಮೂರು ರಾಶಿ ಮಾಡಬೇಕು. ತೊಡಲು ಬರುವುದು ಒಂದು, ಯಂತ್ರ ಒರೆಸಲು ಬರುವುದು ಇನ್ನೊಂದು, ಯಾವುದಕ್ಕೂ ಬಾರದ್ದು ಮೂರನೆಯದು. ಮೂರನೆಯ ರಾಶಿ ನೆಲದಲ್ಲಿರುವ ಬಾಯಿಯ ಮೂಲಕ ಕೆಳಗಿನ ನಾರಿನ ಕೋಣೆಗೆ ಬೀಳುತ್ತದೆ. ಅಲ್ಲಿ ಹಲ್ಲಿನ ಯಂತ್ರವೊಂದು ಅದನ್ನು ಹರಿದು ನಾರು ಮಾಡುತ್ತದೆ.

ಉದ್ದನೆಯ ಮೇಜಿನ ಸುತ್ತ ಹೆಂಗಸರು ನಿಂತು ಬಟ್ಟೆ ವಿಂಗಡಿಸುತ್ತಾರೆ. ಮೇಜಿನ ತಲೆಯಲ್ಲಿ, ಕಿಟಕಿಯ ಪಕ್ಕ, ಒಂದೇ ಒಂದು ಕುರ್ಚಿ. ಬೇಲು ಬಿಚ್ಚುವವಳದು. ಪಟ್ಟಿ ಕತ್ತರಿಸಿ, ಗೋಣಿಯನ್ನು ಹೊಲಿಗೆಯ ಗುಂಟ ಸೀಳಿ, ಒಳಗಿನ ಬಟ್ಟೆಗೆ ಒಂದು ಗೀರೂ ತಾಗದಂತೆ ಬೇಲಿನ ಹೊಟ್ಟೆ ತೆರೆಯುವುದು ಅವಳ ಕೆಲಸ. ಎಷ್ಟೋ ವರ್ಷದಿಂದ ಅದನ್ನೇ ಮಾಡುತ್ತಿದ್ದರಿಂದ ಎಲ್ಲರೂ ಅವಳನ್ನು ಬೇಲಕ್ಕ ಎನ್ನುತ್ತಿದ್ದರು. ಸಂಬಳದ ದಿನ ನಿಜವಾದ ಹೆಸರು ಕೂಗಿದಾಗ ಅವಳೇ ಒಂದು ಕ್ಷಣ ತಡವಾಗಿ ತಿರುಗುತ್ತಿದ್ದಳು.

ಆ ಮೇಜಿಗೆ ಒಂದು ಕಟ್ಟಳೆಯಿತ್ತು. ಚಾಕು ಕೈಯಲ್ಲಿರಬೇಕು, ಇಲ್ಲ ಮಡಚಿ ಜೇಬಿನಲ್ಲಿರಬೇಕು. ಮೇಜಿನ ಮೇಲೆ ಎಂದಿಗೂ ಇರಕೂಡದು. ಬಿಚ್ಚಿದ ಚಾಕುವನ್ನು ಕೈಯಿಂದ ಕೈಗೆ ಕೊಡಕೂಡದು, ಹೊರಗಿನ ಬಾಗಿಲು ದಾಟಿಸಕೂಡದು. ಬೇಲು ಬಿಚ್ಚುತ್ತಲೇ ಬಟ್ಟೆ ಹಿಟ್ಟು ಉಬ್ಬಿದ ಹಾಗೆ ಉಬ್ಬಿ ಮೇಜಿನ ತುಂಬ ಹರಡುತ್ತದೆ. ಇಟ್ಟ ಚಾಕು ಅದರಲ್ಲಿ ಮುಳುಗಿದರೆ ಮತ್ತೆ ಸಿಗುವುದು ಯಾರದಾದರೂ ಬೆರಳಿಗೆ, ಇಲ್ಲವೇ ಕೆಳಗಿನ ಯಂತ್ರಕ್ಕೆ. ಹಿಂದೊಮ್ಮೆ ಹಾಗಾಗಿತ್ತು. ಯಂತ್ರದ ಹಲ್ಲು ಮುರಿದು ಹಾರಿದ ಚೂರು ನಾರಿನ ಕೋಣೆಯ ತೊಲೆಯಲ್ಲಿ ಈಗಲೂ ನಾಟಿಕೊಂಡಿದೆ. ಸುಣ್ಣ ಹೊಡೆಯುವವರು ಅದನ್ನು ಕೀಳುವ ಗೋಜಿಗೆ ಹೋಗದೆ ಸುತ್ತಲೂ ಹೊಡೆದು ಹೋಗುತ್ತಾರೆ. ತುದಿ ಮುರಿಯುವ ಅಗ್ಗದ ಕಟ್ಟರುಗಳೂ ಅದೇ ಕಾರಣಕ್ಕೆ ಬೇಡ. ಬೇಲು ಬಿಚ್ಚುವವಳು ತನ್ನದೇ ಮಡಚುವ ಚಾಕು ತರಬೇಕು, ಸಂಜೆ ತನ್ನ ಜೊತೆಗೇ ಒಯ್ಯಬೇಕು.

ಬೇಲಕ್ಕನ ಹಳೆಯ ಚಾಕುವಿಗೆ ಏನೂ ಆಗಿರಲಿಲ್ಲ. ಆದದ್ದು ಬಲಗೈ ಹೆಬ್ಬೆರಳಿಗೆ. ಬೆಳಿಗ್ಗೆ ಎದ್ದರೆ ಅದು ಮಡಚಿಕೊಂಡೇ ಇರುತ್ತಿತ್ತು. ಇನ್ನೊಂದು ಕೈಯಿಂದ ಹಿಡಿದು ನೆಟ್ಟಗೆ ಮಾಡಬೇಕು. ಮಾಡಿದರೆ ಒಳಗೆ ಲಟ್ಟೆಂದು ನೋವು ಮೊಣಕೈಯವರೆಗೆ ಹೋಗುತ್ತಿತ್ತು. ಎಡಗೈ ಹೆಬ್ಬೆರಳು ಎಂದೋ ನಾರಿನ ಕೋಣೆಯ ಯಂತ್ರದ ಬಾಗಿಲಿಗೆ ಸಿಕ್ಕು ಸೆಟೆದುಹೋಗಿತ್ತು. ಅದು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಬೆರಳ ನರ ತನ್ನ ಹಾದಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ, ಸಣ್ಣದಾಗಿ ಕುಯ್ದು ಬಿಡಿಸಬೇಕು, ಆಮೇಲೆ ಕೆಲವು ವಾರ ಕೈಗೆ ಕೆಲಸ ಕೊಡಬಾರದು ಎಂದು ಡಾಕ್ಟರು ಹೇಳಿದ್ದರು. ನೋಡೋಣ ಎಂದು ಹೇಳಿ ಅವಳು ಎದ್ದು ಬಂದಿದ್ದಳು.

ನೋಡುವುದೇನಿತ್ತು? ಕೆಲವು ವಾರ ಬಿಟ್ಟುಹೋದ ಕುರ್ಚಿ ಹಿಂದಕ್ಕೆ ಸಿಗುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಆ ಕುರ್ಚಿ ಬಂದದ್ದೇ ಹಾಗೆ. ಹಿಂದಿನವಳು ಮೆಟ್ಟಿಲಿಂದ ಬಿದ್ದು ಮನೆಯಲ್ಲಿದ್ದಾಗ ಮೇಸ್ತ್ರಿ ಇವಳನ್ನು ಕೂರಿಸಿದ. ಅವಳು ವಾಪಸು ಬಂದಾಗ ಏಳು ಎಂದು ಯಾರೂ ಹೇಳಲಿಲ್ಲ, ಇವಳೂ ಏಳಲಿಲ್ಲ. ಆ ಹೆಂಗಸು ಒಂದು ಮಾತೂ ಆಡದೆ ನಾರಿನ ಕೋಣೆಗೆ ಇಳಿದುಹೋದಳು. ಅಲ್ಲಿ ಧೂಳು ಹಗಲಿಡೀ ಮಂಜಿನಂತೆ ನಿಂತಿರುತ್ತದೆ. ಬೇಲಕ್ಕನೂ ಮೊದಲು ಅಲ್ಲೇ ಇದ್ದವಳು. ಎದೆ ಕಟ್ಟಿ, ಮಾತಿಗೊಮ್ಮೆ ಕೆಮ್ಮಿ, ಇನ್ನು ಧೂಳಿನ ಹತ್ತಿರ ಸುಳಿಯಬೇಡ ಎಂದು ಡಾಕ್ಟರಿಂದ ಹೇಳಿಸಿಕೊಂಡು ಮೇಲೆ ಬಂದವಳು. ಕುರ್ಚಿ ಹೋದರೆ ಮೇಜಿನ ಸುತ್ತ ನಿಲ್ಲಲು ಜಾಗ ಖಾಲಿಯಿರಲಿಲ್ಲ. ಜಾಗವಿದ್ದದ್ದು ಕೆಳಗೆ ಮಾತ್ರ. ಕೆಲಸ ಬಿಟ್ಟು ಮನೆಯಲ್ಲಿ ಕೂರುವ ಮಾತಂತೂ ದೂರ. ಮನೆ ಇಬ್ಬರ ದುಡಿಮೆಯ ಮೇಲೆ ನಿಂತಿತ್ತು.

ಹಾಗಾಗಿ ಹಲ್ಲು, ಪ್ರತಿ ಬೇಲಿಗೂ ಒಮ್ಮೆ ಕಿಟಕಿಯ ಕಡೆ ತಿರುಗಿ. ಹಲ್ಲಿನ ಮೂಲೆ ಚಕ್ಕೆ ಎದ್ದ ಮೇಲೆ ಇನ್ನೊಂದು ಉಪಾಯ ಮಾಡಿದಳು. ಅಲಗು ಪೂರ್ತಿ ಮುಚ್ಚದಂತೆ ನಡುವೆ ಬಟ್ಟೆಯ ಚೂರು ತುರುಕಿ, ಅರೆ ತೆರೆದ ಚಾಕುವನ್ನೇ ಜೇಬಿಗೆ ಹಾಕಿಕೊಂಡಳು. ಅದು ಬಸ್ಸಿನಲ್ಲಿ ಕೂತಾಗ ತೊಡೆಗೆ ಚುಚ್ಚಿತು. ಗಾಯ ದೊಡ್ಡದಲ್ಲ. ಆದರೆ ಗಂಡ ನೋಡಿಬಿಟ್ಟ.

ಗಂಡ ಶಾಲೆಯ ವ್ಯಾನು ಓಡಿಸುವವನು. ಬೆಳಗಿನ ಸುತ್ತು ಮುಗಿದು ಮಧ್ಯಾಹ್ನದ ಸುತ್ತಿನವರೆಗೆ ವ್ಯಾನಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಫೋನು ನೋಡುವುದು ಅವನ ವಿಶ್ರಾಂತಿ. ಅಲ್ಲಿ ನೋಡಿದ ವಿದ್ಯೆಯೆಲ್ಲ ಸಂಜೆ ಮನೆಯಲ್ಲಿ ಪಾಠವಾಗುತ್ತಿತ್ತು. ಗಾಯ ಕಂಡ ದಿನದಿಂದ ಅವನು ಚಾಕುಗಳ ಬೆನ್ನು ಹತ್ತಿದ. ಗಡ್ಡ ಬಿಟ್ಟ ಗಂಡಸರು ಕಾಡಿನಲ್ಲಿ ನಿಂತು ಹಗ್ಗ ಕತ್ತರಿಸುವ, ಮರದ ದಿಮ್ಮಿ ಸೀಳುವ, ಕಾಗದ ಗಾಳಿಗೆ ಹಿಡಿದು ಚೂರು ಮಾಡುವ ವಿಡಿಯೋಗಳನ್ನು ಅವಳ ಮೂಗಿಗೆ ಹಿಡಿಯುತ್ತಿದ್ದ. ಒಂದು ಚಾಕುವಿನಲ್ಲಂತೂ ಗರಗಸ, ಬಿರಡೆ ತೆಗೆಯುವ ಸುರುಳಿ, ಭೂತಗನ್ನಡಿ ಎಲ್ಲ ಇದ್ದವು.

ಅವಳು ಪಾತ್ರೆ ಒರೆಸುತ್ತಲೇ ನೋಡಿ, "ನಾನು ಬೇಲು ಬಿಚ್ಚೋಕೆ ಹೋಗೋದು ರೀ, ಕರಡಿ ಹೊಡೆಯೋಕಲ್ಲ," ಎಂದಳು.

ಗಂಡ ನಕ್ಕ. ಆಮೇಲೆ ಫೋನು ಮಗುಚಿಟ್ಟು, ಬೆರಳು ಕುಯ್ಯಿಸಿಕೊಂಡೇಬಿಡು, ಚಾಕು ಬದಲಾಯಿಸಿದರೆ ಬೆರಳು ಸರಿಹೋಗುತ್ತದೆಯೇ ಎಂದು ಕೇಳಿದ. ಈ ಮಾತು ಹಿಂದೆಯೂ ಬಂದಿತ್ತು. ಕುರ್ಚಿಯ ಸಂಗತಿಯನ್ನು ಅವಳು ಪ್ರತಿಸಲವೂ ಹೇಳಿದ್ದಳು. ಈ ಸಲ ಹೇಳಲೂ ಆಯಾಸವಾಗಿ ಒರೆಸಿದ ಪಾತ್ರೆಗಳನ್ನು ಜೋಡಿಸತೊಡಗಿದಳು.

"ಕುರ್ಚಿ ಕುರ್ಚಿ ಅಂತೀಯ," ಎಂದ ಅವನು. "ಚಿನ್ನದ ಚೂರಿ ಅಂತ ಹೊಟ್ಟೆಗೆ ಚುಚ್ಕೊಳ್ಳೋಕಾಗುತ್ತಾ?"

"ಹೊಟ್ಟೆಗಲ್ಲ, ತೊಡೆಗೆ ಚುಚ್ಚಿದ್ದು," ಎಂದು ಅವಳು ದೀಪ ಆರಿಸಿದಳು.

ರಜೆಯ ದಿನ ಇಬ್ಬರೂ ಅಂಗಡಿಗೆ ಹೋದರು. ಬೀಗ, ಕತ್ತರಿ, ಕ್ಷೌರದ ಸಾಮಾನು ಮಾರುವ ಓಣಿಯಲ್ಲಿ ಅದೊಂದು ಅಗಲ ಕಡಿಮೆ, ಉದ್ದ ಜಾಸ್ತಿ ಇದ್ದ ಅಂಗಡಿ. ಹಿಂದುಗಡೆ ಸಾಣೆಕಲ್ಲು ತಿರುಗುವ ಸದ್ದು. ಅಂಗಡಿಯವನು ತೆಳ್ಳಗಿನ ಮನುಷ್ಯ. ಕೌಂಟರಿನ ಮೇಲೆ ಕಪ್ಪು ಬಟ್ಟೆ ಹಾಸಿ ಚಾಕುಗಳನ್ನು ಒಂದೊಂದಾಗಿ, ಮಲಗಿದ ಮಗುವನ್ನು ಎತ್ತಿಡುವಂತೆ ಇಡುತ್ತಿದ್ದ. ಅವನಿಗೂ ಒಂದು ಕಟ್ಟಳೆಯಿತ್ತು. ಗಿರಾಕಿಯ ಕೈಗೆ ಮಡಚಿದ ಚಾಕುವನ್ನೇ ಕೊಡುತ್ತಿದ್ದ. ಗಿರಾಕಿ ಬಿಚ್ಚಿ ನೋಡಿದ ಮೇಲೆ ಹಿಡಿಯ ಕಡೆಯಿಂದ ತಾನೇ ತೆಗೆದುಕೊಂಡು, ಅಲಗಿನ ಮೇಲಿನ ಬೆರಳಚ್ಚು ಒರೆಸಿ, ಮಡಚಿ, ಮತ್ತೆ ಬಟ್ಟೆಯ ಮೇಲಿಡುತ್ತಿದ್ದ. ಚಾಕು ಅವನ ಕೈಯಲ್ಲಿ ಎಷ್ಟು ಸಲೀಸಾಗಿ ಮಡಚುತ್ತಿತ್ತೆಂದರೆ ಅದು ಹೇಗೆ ಮಡಚಿತು ಎಂದು ನೋಡಬೇಕೆಂದೇ ಯಾರಿಗೂ ಅನ್ನಿಸುತ್ತಿರಲಿಲ್ಲ.

ಏನು ಕೆಲಸಕ್ಕೆ ಎಂದು ಅವನು ಕೇಳಿದ. ಬೇಲು ಬಿಚ್ಚಲು, ದಿನವಿಡೀ ಜೇಬಿನಲ್ಲಿರಬೇಕು, ಒಂದೇ ಕೈಯಲ್ಲಿ ಬಿಚ್ಚುವಂತಿರಬೇಕು ಎಂದಳು ಬೇಲಕ್ಕ. ಬೆರಳಿನ ವಿಷಯ ಹೇಳಲಿಲ್ಲ. ಇವನ ಅಂಗಡಿಗೆ ಗೋದಾಮಿನವರು ಯಾರಾದರೂ ಬರುತ್ತಿರಬಹುದು. ಬಾಯಿಂದ ಬಾಯಿಗೆ ಮಾತು ಹೋಗಲು ಎಷ್ಟು ಹೊತ್ತು? ಗಂಡ ಹೇಳಲು ಬಾಯಿ ತೆರೆದಾಗ ಅವನ ಕಾಲು ತುಳಿದಳು.

ಮೊದಲು ತೋರಿಸಿದ್ದು ಅವಳ ಹಳೆಯ ಚಾಕುವಿನ ಜಾತಿಯದೇ, ಉಗುರಿನ ಗೀರಿನದು. ಬೇಡ. ಆಮೇಲೆ ಅಲಗಿನ ಬುಡದಲ್ಲಿ ಸಣ್ಣ ಗುಬಟು ಇದ್ದದ್ದು. ಹೆಬ್ಬೆರಳಿನಿಂದ ದೂಡಿದರೆ ಬಿಚ್ಚಿಕೊಳ್ಳುತ್ತದೆ ಎಂದು ಗಂಡ ಬಿಚ್ಚಿ ತೋರಿಸಿದ. ಅವನಿಗೆ ಅದೇ ಮೆಚ್ಚು. ಅವಳು ಅದನ್ನು ಕೈಗೆತ್ತಿಕೊಂಡು, ಭಾರ ನೋಡುವವಳಂತೆ ನಟಿಸಿ, ವಾಪಸು ಇಟ್ಟಳು. ಅಲಗಿಗೇ ತೂತು ಕೊರೆದದ್ದಕ್ಕೂ ಹೆಬ್ಬೆರಳೇ ಬೇಕು. ಗುಂಡಿ ಒತ್ತಿದರೆ ತಾನೇ ಚಿಮ್ಮುವಂಥದ್ದಿಲ್ಲವೇ ಎಂದು ಗಂಡ ಕೇಳಿದ್ದಕ್ಕೆ ಅಂಗಡಿಯವನು, ಅದು ಚಾಕುವಲ್ಲ ಯಜಮಾನರೇ, ತಂಟೆ, ಜೇಬಲ್ಲಿ ಕಂಡರೆ ಯಾವ ಕಾವಲಿನವನೂ ಒಳಗೆ ಬಿಡುವುದಿಲ್ಲ, ನಾನು ಇಡುವುದೂ ಇಲ್ಲ ಎಂದ.

ಕೊನೆಗೆ ಬಂದದ್ದು ಬೂದು ಹಿಡಿಯ ಒಂದು ಚಾಕು. ಮಡಚಿದಾಗ ಅದರ ಬೆನ್ನಿನ ಕಡೆ ಬೆಕ್ಕಿನ ಕಿವಿಯಷ್ಟು ಲೋಹ ಹೊರಗೆ ಚಾಚಿಕೊಂಡಿರುತ್ತಿತ್ತು. ತೋರುಬೆರಳಿನಿಂದ ಆ ಕಿವಿಯನ್ನು ಹಿಂದಕ್ಕೆ ಎಳೆದರೆ ಸಾಕು, ಅಲಗು ಟಕ್ಕೆಂದು ಹೊರಬಂದು ನಿಲ್ಲುತ್ತಿತ್ತು. ಹೆಬ್ಬೆರಳಿಗೆ ಕೆಲಸವೇ ಇಲ್ಲ. ಬೇಲಕ್ಕ ಎಳೆದಳು. ಟಕ್. ಅಂಗಡಿಯವನು ತೆಗೆದುಕೊಂಡು, ಒರೆಸಿ, ಮಡಚಿ ಕೊಟ್ಟ. ಅವಳು ಮತ್ತೆ ಎಳೆದಳು. ಟಕ್. ಅವನು ಮತ್ತೆ ಮಡಚಿ ಕೊಟ್ಟ. ಎಷ್ಟೋ ದಿನಗಳಿಂದ ಸಡಿಲವಾಗದ ಏನೋ ಅವಳ ಭುಜಗಳಲ್ಲಿ ಸಡಿಲವಾಯಿತು.

ಆಮೇಲಿನ ಪರೀಕ್ಷೆಯನ್ನು ಅವಳು ತಜ್ಞರಂತೆಯೇ ಮಾಡಿದಳು. ಚೀಲದಿಂದ ಗೋಣಿಯ ತುಂಡು ತೆಗೆದು, ಅದರೊಳಗೆ ತೆಳುಬಟ್ಟೆ ಮಡಿಸಿಟ್ಟು, ಮೇಲಿನದನ್ನು ಮಾತ್ರ ಸೀಳಿ ನೋಡಿದಳು. ಮೊನೆ ಚೂಪಾಗಿದ್ದ ಅಲಗು ಒಳಗಿನ ಬಟ್ಟೆಗೆ ತಾಗಿತು. ಅದೇ ಚಾಕು ಮೊನೆ ಬಾಗಿಸಿ ಮೊಂಡು ಮಾಡಿದ ಅಲಗಿನಲ್ಲೂ ಇತ್ತು, ಅದು ತಾಗಲಿಲ್ಲ. ಗರಗಸದಂಥ ಅಂಚು ನೂಲು ಎಳೆಯುತ್ತದೆಂದು ಬೇಡವೆಂದಳು. ಬಿಚ್ಚಿದ ಅಲಗು ಅಲ್ಲಾಡುತ್ತದೆಯೇ, ಕೆಲಸದ ನಡುವೆ ಬೆರಳ ಮೇಲೆ ಮಡಚಿಕೊಂಡರೆ ಎಂದು ಕೇಳಿದಳು. ಅಂಗಡಿಯವನು ಅಲಗಿನ ಬೆನ್ನನ್ನು ಕೌಂಟರಿಗೆ ಕುಟ್ಟಿ ತೋರಿಸಿದ.

"ಒಳಗೆ ಲಾಕಿದೆ ಅಮ್ಮ. ನೀವು ಬಿಡೋ ತನಕ ಅದು ಬಿಡಲ್ಲ."

ಬೆಲೆ ಕೇಳಿ ಗಂಡ ಒಮ್ಮೆ ಕೆಮ್ಮಿದ. ಅವಳು ಕೊಟ್ಟಳು.

ತಪ್ಪು ಆದದ್ದು ಅಲ್ಲಿ. ಹಳೆಯ ಚಾಕುವಿಗೆ ಲಾಕು ಇರಲಿಲ್ಲ. ಕೆಲಸವಾದ ಮೇಲೆ ಅಲಗಿನ ಬೆನ್ನನ್ನು ತೊಡೆಗೆ ಒತ್ತಿದರೆ ತಾನೇ ಮಡಚಿಕೊಳ್ಳುತ್ತಿತ್ತು. ಚಾಕು ಬಿಚ್ಚುವುದು ಒಂದು ಕೆಲಸ, ಮುಚ್ಚುವುದು ಇನ್ನೊಂದು ಕೆಲಸ ಎಂದು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅವಳಿಗೆ ಹೊಳೆದಿರಲಿಲ್ಲ. ಅಂದು ಸಂಜೆಯಾದರೂ ಗೊತ್ತಾಗಬಹುದಿತ್ತು. ಆದರೆ ಚಾಕು ಗಂಡನ ಕೈಯಲ್ಲಿತ್ತು. ಹಳೆಯ ಡಬ್ಬ, ದಾರ, ಯಾವುದೋ ಪಾರ್ಸಲಿನ ಟೇಪು, ಕೈಗೆ ಸಿಕ್ಕಿದ್ದನ್ನೆಲ್ಲ ಕುಯ್ದು, ಬಿಚ್ಚಿ ಮಡಚಿ ಬಿಚ್ಚಿ ಮಡಚಿ, ಕಡೆಗೆ ಅವನೇ ಅದನ್ನು ಅವಳ ಕೆಲಸದ ಅಂಗಿಯ ಜೇಬಿಗೆ ಹಾಕಿದ. ಅವಳು ಅಷ್ಟು ಹೊತ್ತಿಗೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದಳು.

ಮರುದಿನ ಅವಳು ಕಿಟಕಿಯ ಕಡೆಗೆ ತಿರುಗಲಿಲ್ಲ. ಎಲ್ಲರ ಎದುರೇ ಜೇಬಿನಿಂದ ತೆಗೆದು ಎಳೆದಳು. ಟಕ್. ಮೇಜಿನ ಸುತ್ತಲಿದ್ದವರು ತಲೆ ಎತ್ತಿದರು. ಭಾರಿ ಇದೆಯಲ್ಲ ಎಂದರು ಯಾರೋ. ಅವಳ ಎಡಕ್ಕೆ ನಿಲ್ಲುತ್ತಿದ್ದ ಕನ್ನಡಕದವಳು ಮಾತ್ರ ಚಾಕುವನ್ನಲ್ಲ, ಅವಳ ಕೈಯನ್ನು ನೋಡಿದಳು. ಅವಳು ಸದಾ ಹಾಗೆಯೇ ನೋಡುತ್ತಾಳೆಂದು ಬೇಲಕ್ಕನಿಗೆ ಗುಮಾನಿಯಿತ್ತು. ಕುರ್ಚಿ ಖಾಲಿಯಾದರೆ ಸರದಿ ಅವಳದೇ.

ಪಟ್ಟಿ ಕತ್ತರಿಸಿದ್ದೂ ಆಯಿತು, ಗೋಣಿ ಸೀಳಿದ್ದೂ ಆಯಿತು. ಒಳಗಿನ ಬಟ್ಟೆಗೆ ಗೀರಿಲ್ಲ. ಎಂದಿನಂತೆ ಅಲಗಿನ ಬೆನ್ನನ್ನು ತೊಡೆಗೆ ಒತ್ತಿದಳು.

ಚಾಕು ಮಡಚಲಿಲ್ಲ.

ಹಿಡಿಯ ಸಂದಿಯಲ್ಲಿ ನೋಡಿದಳು. ಒಂದು ತಗಡು ಅಲಗಿನ ಬುಡಕ್ಕೆ ಅಡ್ಡ ನಿಂತಿತ್ತು. ಅದನ್ನು ಪಕ್ಕಕ್ಕೆ ಒತ್ತಿ ಹಿಡಿದರೆ ಅಲಗು ಮಡಚುತ್ತದೆ. ಒತ್ತಬೇಕಾದದ್ದು ಹೆಬ್ಬೆರಳು. ಒತ್ತಿದಳು. ಬೆರಳು ಲಟ್ಟೆಂದು ಮಡಚಿಕೊಂಡಿತು, ತಗಡು ಕದಲಲಿಲ್ಲ. ಎಡಗೈಯ ಸೆಟೆದ ಹೆಬ್ಬೆರಳಿಂದ ಒತ್ತಿದಳು, ಜಾರಿತು. ಬೆರಳ ಗೆಣ್ಣಿನಿಂದ ಒತ್ತಿದಳು. ತಗಡು ಅರ್ಧ ಸರಿದು, ಹೊಸ ಸ್ಪ್ರಿಂಗಿನ ಸೊಕ್ಕಿನಲ್ಲಿ ಹಿಂದಕ್ಕೆ ಚಿಮ್ಮಿತು. ಮೇಜಿನ ಅಂಚಿಗೆ ಒತ್ತಿ ನೋಡೋಣವೆಂದರೆ ಅಷ್ಟರಲ್ಲಿ ಮೇಜಿನ ತುಂಬ ಬಟ್ಟೆ ಹರಡಿತ್ತು, ಕಣ್ಣುಗಳಿದ್ದವು.

ಮೇಜಿನ ಮೇಲೆ ಇಡುವಂತಿಲ್ಲ. ಜೇಬಿಗೆ ಹಾಕುವಂತಿಲ್ಲ. ಯಾರಿಗೂ ಕೊಡುವಂತಿಲ್ಲ. ಬಿಸಿತುಪ್ಪ ಬಾಯಿಗೆ ಬಿದ್ದವರು ಕೊನೆಗೆ ಉಗುಳಿಯಾದರೂ ಉಗುಳುತ್ತಾರೆ. ಬೇಲಕ್ಕ ಬಿಚ್ಚಿದ ಚಾಕುವನ್ನು ಬಲಗೈಯಲ್ಲೇ ಹಿಡಿದು ಎಡಗೈಯೊಂದರಿಂದ ಬಟ್ಟೆ ಎಳೆಯತೊಡಗಿದಳು.

ಎರಡು ಕೈಯ ಕೆಲಸ ಒಂದು ಕೈಗೆ ಬಂದರೆ ನಡುವಿಗೆ ಹೋಗುತ್ತದೆ. ಎರಡನೆಯ ಬೇಲು ಬಿಚ್ಚುವಷ್ಟರಲ್ಲಿ ಬೆನ್ನು ಬಿಗಿಯಿತು. ಮುಂದಿನದಕ್ಕೆ ಮುಂಗೈ ಜೋಮು ಹಿಡಿಯಿತು. ಹಿಡಿ ಬೆವರಿಗೆ ಜಾರುತ್ತಿದ್ದರಿಂದ ಇನ್ನಷ್ಟು ಬಿಗಿಯಾಗಿ ಹಿಡಿಯಬೇಕಾಯಿತು. ಬಿಗಿಯಾಗಿ ಹಿಡಿದಷ್ಟೂ ಹೆಬ್ಬೆರಳು ಉರಿಯಿತು. ರಾಶಿ ತಡವಾಗಿ ಬರುತ್ತಿದೆ ಎಂದು ಮೇಜಿನ ಬುಡದವರು ಗೊಣಗಿದ್ದು ಕೇಳಿಸಿತು. ಮೇಸ್ತ್ರಿ ಒಂದು ಸುತ್ತು ಬಂದು ಅವಳ ಪಕ್ಕ ನಿಂತ.

"ಏನಕ್ಕ, ಬೆಳಿಗ್ಗೆಯಿಂದ ಚಾಕು ಹಿಡ್ಕೊಂಡೇ ಇದೀರ. ಯಾರ ಮೇಲೆ ಕೋಪ?"

"ಹೊಸದು. ಕೈಗೆ ಹೊಂದ್ಲಿ ಅಂತ."

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂದು ಮೇಸ್ತ್ರಿ ನಕ್ಕ. ಸುತ್ತಲಿದ್ದವರೂ ನಕ್ಕರು. ಆದರೆ ಹೋಗುವ ಮುಂಚೆ ಅವನು ಬಿಚ್ಚದೆ ಉಳಿದ ಬೇಲುಗಳ ಕಡೆ ಒಮ್ಮೆ ನೋಡಿದ. ಆ ನೋಟ ನಗುವಿನದಾಗಿರಲಿಲ್ಲ.

ಚಹಾದ ಗಂಟೆ ಹೊಡೆಯಿತು. ಎಲ್ಲರೂ ಕೈ ಕೊಡವಿಕೊಂಡು ಹೊರಗಿನ ಪಡಸಾಲೆಗೆ ಹೋದರು. ಬಿಚ್ಚಿದ ಚಾಕು ಬಾಗಿಲು ದಾಟುವಂತಿಲ್ಲ. ನನಗೆ ಚಹಾ ಬೇಡ ಎಂದು ಬೇಲಕ್ಕ ಕೂತಲ್ಲೇ ಕೂತಳು. ಚಹಾ ಮಾತ್ರವಲ್ಲ, ಬಚ್ಚಲಿಗೂ ಹೋಗಬೇಕಾಗಿತ್ತು. ಖಾಲಿಯಾದ ಮೇಜಿನೆದುರು ಅವಳು ಚಾಕುವನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಒತ್ತಿದಳು, ಮೇಜಿನ ಅಂಚಿಗೂ ಆನಿಸಿ ನೋಡಿದಳು. ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ಅಳುವಷ್ಟು ದುಃಖವೇನೂ ಇರಲಿಲ್ಲ, ಬರೀ ದಣಿವು. ಮಧ್ಯಾಹ್ನ, ಸಂಜೆ, ಆಮೇಲೆ ನಾಳೆ. ನಾಳೆಯೂ ಇದೇ ಚಾಕು, ಇದೇ ಬೆರಳು.

ಕನ್ನಡಕದವಳು ಎರಡು ಲೋಟ ಹಿಡಿದು ಒಳಗೆ ಬಂದಳು. ಒಂದನ್ನು ಬೇಲಕ್ಕನ ಎಡಗೈ ಹತ್ತಿರ ಇಟ್ಟಳು. ಆಮೇಲೆ ಕುರ್ಚಿಯ ಹಿಂದೆ ಬಂದು ಬಗ್ಗಿದಳು.

"ಅಕ್ಕ, ಕೈ ಅಲ್ಲಾಡಿಸಬೇಡಿ."

ಅವಳು ಚಾಕು ಕೇಳಲಿಲ್ಲ, ತೆಗೆದುಕೊಳ್ಳಲೂ ಇಲ್ಲ. ಅದು ಬೇಲಕ್ಕನ ಮುಷ್ಟಿಯಲ್ಲೇ ಇತ್ತು. ಅವಳು ತನ್ನ ಹೆಬ್ಬೆರಳನ್ನು ಮಾತ್ರ ತಂದು ಸಂದಿಯಲ್ಲಿ ಇಳಿಸಿ ತಗಡನ್ನು ಪಕ್ಕಕ್ಕೆ ಒತ್ತಿ ಹಿಡಿದಳು. ಬೇಲಕ್ಕ ಎಡಗೈಯ ಅಂಗೈಯಿಂದ ಅಲಗನ್ನು ದೂಡಿದಳು. ಚಾಕು ಮಡಚಿಕೊಂಡಿತು. ಕಟ್ಟಳೆ ಮುರಿಯಲಿಲ್ಲ, ಬಿಚ್ಚಿದ ಚಾಕು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಿರಲಿಲ್ಲ.

ಬೇಲಕ್ಕ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಅಂಗೈಯಲ್ಲಿ ಹಿಡಿಯ ಅಚ್ಚು ಕೆಂಪಗೆ ಮೂಡಿತ್ತು.

"ಎಷ್ಟು ದಿನದಿಂದ ಗೊತ್ತು?" ಎಂದು ಕೇಳಿದಳು.

"ಹಲ್ಲಲ್ಲಿ ಬಿಚ್ತಾ ಇದ್ರಲ್ಲ, ಆವಾಗಿಂದ. ಕಿಟಕಿ ಗಾಜಲ್ಲಿ ಎಲ್ಲಾ ಕಾಣುತ್ತೆ ಅಕ್ಕ."

"ಮೇಸ್ತ್ರಿಗೆ ಹೇಳ್ಬೋದಿತ್ತು."

ಕನ್ನಡಕದವಳು ಚಹಾ ಕುಡಿದಳು. "ಹೇಳಿದ್ರೆ ಕುರ್ಚಿ ನನಗೆ ಬರೋದು, ನೀವು ಕೆಳಗೆ ಹೋಗೋದು. ಆಮೇಲೆ ನನ್ನ ಬೆರಳು ಹೀಗಾದ ದಿನ ಇನ್ನೊಬ್ಬಳು ಹೋಗಿ ಹೇಳ್ತಾಳೆ. ಅದಕ್ಕೇ ಹೇಳಿಲ್ಲ." ಲೋಟ ಕೆಳಗಿಟ್ಟು, "ನಾನೇನು ಪುಣ್ಯಾತ್ಗಿತ್ತಿ ಅಂತ ತಿಳ್ಕೋಬೇಡಿ. ನಿಂತು ನಿಂತು ನನ್ನ ಮಂಡಿನೂ ಹೋಗಿದೆ. ಕುರ್ಚಿ ನನಗೂ ಬೇಕು," ಎಂದಳು.

"ತಗೋ ಹಾಗಾದ್ರೆ."

"ಪೂರ್ತಿ ಬೇಡ. ಅರ್ಧ ಕೊಡಿ."

ಬೇಲಕ್ಕನಿಗೆ ಅರ್ಥವಾಗಲಿಲ್ಲ. ಕನ್ನಡಕದವಳು ಬಿಡಿಸಿ ಹೇಳಿದಳು. ಬೆಳಿಗ್ಗೆ ಒಬ್ಬರು ಕೂರುವುದು, ಮಧ್ಯಾಹ್ನದ ಮೇಲೆ ಇನ್ನೊಬ್ಬರು. ಕೂರದವರು ಮೇಜಿನ ಪಕ್ಕ, ಈಗ ತಾನು ನಿಲ್ಲುವ ಜಾಗದಲ್ಲಿ ನಿಲ್ಲುವುದು. ಮೊದಲು ಬೇಲಕ್ಕ ಬೆರಳು ಕುಯ್ಯಿಸಿಕೊಂಡು ಬರಲಿ. ಅಲ್ಲಿಯವರೆಗೆ ತಾನು ಪೂರ್ತಿ ಕೂರುತ್ತೇನೆ, ಬಂದ ದಿನ ಅರ್ಧ ಬಿಡುತ್ತೇನೆ. ಈ ಮಾತನ್ನು ಇಬ್ಬರೂ ಸೇರಿ ಈಗಲೇ ಮೇಸ್ತ್ರಿಯ ಮುಂದೆ, ನಾಲ್ಕು ಜನ ಕೇಳುವಂತೆ ಆಡಬೇಕು.

"ನೀನು ಏಳದೇ ಹೋದ್ರೆ?" ಎಂದಳು ಬೇಲಕ್ಕ. ಅವಳಿಗೆ ಮೆಟ್ಟಿಲಿಂದ ಬಿದ್ದವಳ ಮುಖ ಕಣ್ಣ ಮುಂದಿತ್ತು. ಆ ಹೆಂಗಸು ಇಂಥ ಪ್ರಶ್ನೆ ಕೇಳಿರಲೇ ಇಲ್ಲ.

"ಏಳದೇ ಹೋದ್ರೆ ಏನು ಮಾಡ್ತೀರ? ಏನೂ ಮಾಡೋಕಾಗಲ್ಲ," ಎಂದಳು ಕನ್ನಡಕದವಳು. "ಆದ್ರೆ ಅಕ್ಕ, ಇನ್ನೊಂದು ಬೇಲು ಬಿಚ್ಚಿದ್ಮೇಲೆ ಈ ಚಾಕು ಮುಚ್ಚೋಕೆ ಹೇಗೂ ನನ್ನೇ ಕರೀಬೇಕಲ್ಲ."

ಬೇಲಕ್ಕನಿಗೆ ನಗು ಬಂತು. ಆ ದಿನ ಅದೇ ಮೊದಲ ಸಲ.

ಮೇಸ್ತ್ರಿ ಇಬ್ಬರ ಮಾತನ್ನೂ ನಿಂತೇ ಕೇಳಿದ. ಬೆರಳು ತೋರಿಸು ಎಂದ, ನೋಡಿದ, ಮುಖ ಹುಳ್ಳಗೆ ಮಾಡಿದ. ಮೊದಲೇ ಹೇಳಬಾರದಿತ್ತೇ ಎಂದು ಬೈದ. ಮೊದಲೇ ಹೇಳಿದ್ದರೆ ಏನು ಮಾಡುತ್ತಿದ್ದೆ ಎಂದು ಯಾರೂ ಅವನನ್ನು ಕೇಳಲಿಲ್ಲ. ಬಿಚ್ಚುವುದು ಬಲ್ಲವರು ಇಬ್ಬರಾದರೆ ತನಗೂ ಒಳ್ಳೆಯದೇ ಎಂಬ ಲೆಕ್ಕ ಅವನ ಮುಖದಲ್ಲಿ ನಿಧಾನವಾಗಿ ಮೂಡಿತು. ಬೇಲು ನಿಂತರೆ ಮಾತ್ರ ಇಬ್ಬರನ್ನೂ ಕೆಳಗೆ ಇಳಿಸುತ್ತೇನೆ ಎಂದು ಹೇಳಿ ಹೋದ.

ಬೆರಳ ಕುಯ್ತ ದೊಡ್ಡದೇನಲ್ಲ. ಮನೆಯಲ್ಲಿ ಕೂತ ಆ ವಾರಗಳೇ ಉದ್ದ. ಗಂಡ ವ್ಯಾನಿನ ಸುತ್ತುಗಳ ನಡುವೆ ಬಂದು ಅನ್ನಕ್ಕಿಟ್ಟು ಹೋಗುತ್ತಿದ್ದ. ಅದು ತಳ ಹಿಡಿಯುತ್ತಿತ್ತು. ಅವಳು ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬೂದು ಚಾಕುವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನೋಡುತ್ತಿದ್ದಳು. ಗೋದಾಮಿನಿಂದ ಯಾರೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಕುರ್ಚಿ ಹೋಯಿತು ಎಂದು ಬೆಳಿಗ್ಗೆ ಅನ್ನಿಸುತ್ತಿತ್ತು; ಹೋದರೆ ಹೋಗಲಿ ಎಂದು ಸಂಜೆ ಅನ್ನಿಸುತ್ತಿತ್ತು. ಹೊಲಿಗೆ ಬಿಚ್ಚಿದ ಮೇಲೆ ಒಂದು ದಿನ ಚಾಕು ಬಿಚ್ಚಿ, ಹೆಬ್ಬೆರಳಿನಿಂದ ತಗಡನ್ನು ಒತ್ತಿದಳು. ಬೆರಳು ಲಟ್ಟೆನ್ನಲಿಲ್ಲ. ನೋವಿತ್ತು, ಆದರೆ ತಗಡು ಸರಿಯಿತು.

ವಾಪಸು ಹೋದ ದಿನ ಕನ್ನಡಕದವಳು ಕುರ್ಚಿಯಲ್ಲಿ ಕೂತಿದ್ದಳು. ಕಾಲಿನ ಕೆಳಗೆ ಹಲಗೆಯೊಂದನ್ನು ಇಟ್ಟುಕೊಂಡು, ಬೆನ್ನಿಗೆ ಗೋಣಿ ಮಡಿಸಿಟ್ಟುಕೊಂಡು, ತನ್ನದೇ ಮನೆ ಮಾಡಿಕೊಂಡಂತೆ ಕೂತಿದ್ದಳು. ಬೇಲಕ್ಕ ಮೇಜಿನ ಹತ್ತಿರ ಹೋಗಿ ನಿಂತಳು. ಕನ್ನಡಕದವಳು ಕೈಯಲ್ಲಿದ್ದ ಬೇಲನ್ನು ಪೂರ್ತಿ ಬಿಚ್ಚಿದಳು. ಆತುರಪಡಲಿಲ್ಲ. ಕೆಲಸ ಮುಗಿದ ಮೇಲೆ ತನ್ನ ಚಾಕುವನ್ನು ತೊಡೆಗೆ ಒತ್ತಿದಳು, ಅದು ಮಡಚಿಕೊಂಡಿತು. ಬೇಲಕ್ಕನ ಹಳೆಯ ಚಾಕುವಿನ ಜಾತಿಯದೇ, ಹೊಸದು.

"ನೀವು ಹೇಳಿದ್ದ ಅದೇ ಅಂಗಡಿ," ಎಂದಳು. "ಮುಚ್ಚಿ ನೋಡಿ ತಗೊಂಡೆ."

ಆಮೇಲೆ ಮಂಡಿ ಹಿಡಿದುಕೊಂಡು ಎದ್ದಳು. ಗೋಣಿಯನ್ನು ಅಲ್ಲೇ ಬಿಟ್ಟಳು, ಹಲಗೆಯನ್ನೂ.

ಬೇಲಕ್ಕ ಆ ಬೆಳಿಗ್ಗೆ ತಡೆದು ತಡೆದು ಕೆಲಸ ಮಾಡಿದಳು. ಪ್ರತಿ ಬೇಲಿಗೂ ಚಾಕು ಬಿಚ್ಚಿ, ಪ್ರತಿ ಬೇಲಿಗೂ ತಾನೇ ಮಡಚಿ ಜೇಬಿಗೆ ಹಾಕಿದಳು. ಮಧ್ಯಾಹ್ನದ ಗಂಟೆ ಹೊಡೆದಾಗ ಕನ್ನಡಕದವಳು ಬಂದು ಪಕ್ಕ ನಿಂತಳು.

ಬೇಲಕ್ಕ ಒಂದು ಕ್ಷಣ ಕೂತೇ ಇದ್ದಳು. ಹಿಂದೊಮ್ಮೆ, ಮೆಟ್ಟಿಲಿಂದ ಬಿದ್ದವಳು ವಾಪಸು ಬಂದು ನಿಂತಾಗ ಕೂತಿದ್ದಂಥದೇ ಒಂದು ಕ್ಷಣ. ಆಮೇಲೆ ಮೇಜಿಗೆ ಅಂಗೈ ಊರಿ ಎದ್ದಳು. ಮೇಜಿನ ಪಕ್ಕದ ಜಾಗದಲ್ಲಿ ಸಿಮೆಂಟು ನೆಲ ತಣ್ಣಗಿತ್ತು, ಎಷ್ಟೋ ವರ್ಷ ನಿಂತವರ ಪಾದಕ್ಕೆ ಸವೆದು ಸ್ವಲ್ಪ ತಗ್ಗಾಗಿತ್ತು. ಅಲ್ಲಿ ನಿಂತು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿ, ಸಂಜೆಯವರೆಗೆ ಇದು ಆಗುತ್ತದೆಯೇ ಎಂದು ನೋಡಿದಳು. ಆಗುತ್ತದೆ ಅನ್ನಿಸಿತು. ಮುಂದಿನ ಬೇಲು ಬಿಚ್ಚಿಕೊಂಡು ಬಟ್ಟೆ ಅವಳ ಕಡೆಗೆ ಉಬ್ಬಿ ಬಂತು. ಎರಡೂ ಕೈ ಹಾಕಿ ಎಳೆದುಕೊಂಡಳು.